ಓಪನ್‌ಎಪಿ: ಎಂಬಿಬಿಎಸ್ ತರಗತಿಯಲ್ಲಿ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಜ್ವರ ಅಂತ ಬಂದವರ ಎನ್‌ಎಸ್1 ಕಾರ್ಡಿನಲ್ಲಿ (ಡೆಂಗಿ ಪತ್ತೆಯ ರಕ್ತಪರೀಕ್ಷೆ) ಎರಡು ಗೆರೆ ಮೂಡಿದೆ, ಅಂದರೆ ಪಾಸಿಟಿವ್. ಇವರಿಗೆ ನಿಜಕ್ಕೂ ಡೆಂಗಿ ಇರುವ ಸಾಧ್ಯತೆ ನೂರಕ್ಕೆ ಎಷ್ಟು? ಮಳೆಗಾಲದಲ್ಲಿ ಹೌಸ್ ಸರ್ಜನ್‌ಗಳಿಗೆ ದಿನವೂ ಎದುರಾಗುವ ಪ್ರಶ್ನೆ ಇದು. ನಮ್ಮ ಕಮ್ಯೂನಿಟಿ ಮೆಡಿಸಿನ್ ತರಗತಿಗಳಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಸಾಮಾನ್ಯವಾಗಿ ಮೀನ್, ಮೀಡಿಯನ್, ಮೋಡ್‌ನಿಂದ ಶುರುವಾಗಿ, ರೆಕಾರ್ಡ್ ಪುಸ್ತಕದ ಒಂದು ಕೈ-ಸ್ಕ್ವೇರ್ ಲೆಕ್ಕದಲ್ಲಿ (ಗುಂಪುಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಪರೀಕ್ಷೆ) ಮುಗಿದುಹೋಗುತ್ತದೆ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸಿಎಂ (ಕಮ್ಯೂನಿಟಿ ಮೆಡಿಸಿನ್) 6.1ರಿಂದ 6.4ರವರೆಗೆ ನಾಲ್ಕು ಕಾಂಪಿಟೆನ್ಸಿಗಳು, ಅಂದರೆ ವಿದ್ಯಾರ್ಥಿಗೆ ಬರಬೇಕಾದ ಕೌಶಲಗಳು, ಇದಕ್ಕೇ ಮೀಸಲು. ಅವುಗಳಲ್ಲಿ ವಿವರಿಸಿ ಎಂಬುದರ ಜೊತೆಗೆ ಮಾಡಿ ತೋರಿಸಿ ಎಂದೂ ಇದೆ. ಮಾಡಿ ತೋರಿಸುವುದಕ್ಕೆ ಒಂದು ಸಾಧನ ಬೇಕು. ಕಾಸು ಖರ್ಚಿಲ್ಲದೆ ಸಿಗುವ ಸಾಧನಗಳಲ್ಲಿ ಓಪನ್‌ಎಪಿ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವನ್ನು ತರಗತಿಯ ಕಣ್ಣಿನಿಂದ ನೋಡಿ ಬರೆದ ವಿಮರ್ಶೆ ಇದು.

ಓಪನ್‌ಎಪಿ ಬ್ರೌಸರ್‌ನಲ್ಲೇ ಓಡುತ್ತದೆ. ಆಂಡ್ರ್ಯೂ ಡೀನ್, ಕೆವಿನ್ ಸಲಿವನ್ ಮತ್ತು ಮಿನ್ ಮಿನ್ ಸೋ ಸೇರಿ ಮಾಡಿದ ಮುಕ್ತ ತಂತ್ರಾಂಶ. ಲಾಗಿನ್ ಇಲ್ಲ, ಲೈಸೆನ್ಸ್ ಕೊಳ್ಳಬೇಕಿಲ್ಲ. ಈಗಿರುವ ಆವೃತ್ತಿ 3.01, ಅದರ ಮೇಲಿನ ದಿನಾಂಕ 2013ರ ಏಪ್ರಿಲ್. ಹಳೆಯದು ಅಂತ ಹಿಂಜರಿಯಬೇಕಿಲ್ಲ. ಎರಡು ಸಾಲು ಎರಡು ಕಂಬದ ಕೋಷ್ಟಕದ ಲೆಕ್ಕ ಅಂದಿನಿಂದ ಬದಲಾಗಿಲ್ಲ. ಎಡಗಡೆ ಮೆನು, ಬಲಗಡೆ ಕೆಲಸದ ಜಾಗ. ಬೇಕಾದ ಮಾಡ್ಯೂಲ್ ಒತ್ತಿ, ‘ಎಂಟರ್ ನ್ಯೂ ಡೇಟಾ’ ಒತ್ತಿ, ಅಂಕಿ ತುಂಬಿ, ‘ಕ್ಯಾಲ್ಕ್ಯುಲೇಟ್’ ಒತ್ತಿದರೆ ಆಯಿತು. ಒಂದೊಂದು ರೋಗಿಗೆ ಒಂದೊಂದು ಸಾಲಿರುವ ಎಕ್ಸೆಲ್ ಶೀಟನ್ನು ಇದು ತೆಗೆದುಕೊಳ್ಳುವುದಿಲ್ಲ, ಎಣಿಸಿಟ್ಟ ಮೊತ್ತಗಳನ್ನೇ ಕೇಳುತ್ತದೆ. ಸಂಶೋಧಕರಿಗೆ ಇದು ಕೊರತೆ, ಕಲಿಯುವವರಿಗೆ ವರ. ಮೊದಲು ಕಾಗದದ ಮೇಲೆ ಕೋಷ್ಟಕ ಬರೆದು, ಯಾವ ರೋಗಿ ಯಾವ ಮನೆಗೆ ಸೇರುತ್ತಾರೆ ಎಂದು ತೀರ್ಮಾನಿಸದೆ ಮುಂದೆ ಹೋಗಲು ದಾರಿಯೇ ಇಲ್ಲವಲ್ಲ.

ತರಗತಿಯನ್ನು ‘ಸ್ಕ್ರೀನಿಂಗ್’ ಮಾಡ್ಯೂಲ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ನಾರ್ಮಲ್ ಕರ್ವ್ ಆಮೇಲೆ ಬರಲಿ. ಒಂದು ಅಭ್ಯಾಸವನ್ನು ಪೂರ್ತಿ ನೋಡೋಣ. ಲೆಕ್ಕಕ್ಕೆ ಸುಲಭವಾಗಲಿ ಎಂದು ಎನ್‌ಎಸ್1 ಕಾರ್ಡಿನ ಸೆನ್ಸಿಟಿವಿಟಿ (ಕಾಯಿಲೆ ಇರುವವರಲ್ಲಿ ಪಾಸಿಟಿವ್ ಬರುವವರು) 80%, ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರಲ್ಲಿ ನೆಗೆಟಿವ್ ಬರುವವರು) 95% ಎಂದು ಇಟ್ಟುಕೊಳ್ಳಿ. ಮಳೆಗಾಲದ ಜ್ವರದ ಓಪಿಡಿಗೆ ಬಂದ 1000 ಜನರಲ್ಲಿ 300 ಮಂದಿಗೆ ಡೆಂಗಿ ಇದೆ ಎನ್ನಿ. ವಿದ್ಯಾರ್ಥಿಗಳು ಮೊದಲು ಪೆನ್ನು ಹಿಡಿದು ಬರೆಯಲಿ: 300ರಲ್ಲಿ 240 ಪಾಸಿಟಿವ್, 60 ನೆಗೆಟಿವ್. ಉಳಿದ 700ರಲ್ಲಿ 35 ತಪ್ಪು ಪಾಸಿಟಿವ್, 665 ನೆಗೆಟಿವ್. ಈ ನಾಲ್ಕು ಅಂಕಿ ಹಾಕಿದರೆ ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ (ಪಾಸಿಟಿವ್ ಬಂದವರಲ್ಲಿ ನಿಜಕ್ಕೂ ಕಾಯಿಲೆ ಇರುವವರು) 87.3% ಬರುತ್ತದೆ, ಅಂದರೆ 275ರಲ್ಲಿ 240. ಈಗ ಅದೇ ಕಾರ್ಡನ್ನು ಫೆಬ್ರವರಿಗೆ ಒಯ್ಯಿರಿ. 1000 ಜ್ವರದವರಲ್ಲಿ ಡೆಂಗಿ ಇರುವುದು 20 ಜನಕ್ಕೆ ಮಾತ್ರ. ಪಾಸಿಟಿವ್ 16, ನೆಗೆಟಿವ್ 4. ಉಳಿದ 980ರಲ್ಲಿ ತಪ್ಪು ಪಾಸಿಟಿವ್ 49, ನೆಗೆಟಿವ್ 931. ಪ್ರೆಡಿಕ್ಟಿವ್ ವ್ಯಾಲ್ಯೂ 24.6%ಕ್ಕೆ ಕುಸಿಯುತ್ತದೆ. ಎರಡು ಗೆರೆ ಮೂಡಿದ ನಾಲ್ವರಲ್ಲಿ ಮೂವರಿಗೆ ಡೆಂಗಿ ಇಲ್ಲ! ಕಾರ್ಡು ಅದೇ, ಕಂಪನಿ ಅದೇ, ಲ್ಯಾಬ್ ಟೆಕ್ನಿಷಿಯನ್ ಅವರೇ.

ಈ ಒಂದು ಬದಲಾವಣೆಯನ್ನು ಸ್ವಂತ ಕೈಯಿಂದ ಮಾಡಿ ನೋಡಿದ ವಿದ್ಯಾರ್ಥಿ ಅದನ್ನು ಮರೆಯುವುದು ಕಷ್ಟ. ಸೂತ್ರ ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ ಎಂಬುದು ಹಳೆಯ ಸತ್ಯ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧನಾ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರು, ವಿದ್ಯಾರ್ಥಿಗಳಿಗೆ ಇಂಥದ್ದೇ ಪ್ರಶ್ನೆ ಕೇಳಿದ್ದರು: ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆ, ತಪ್ಪು ಪಾಸಿಟಿವ್ 5%, ಪಾಸಿಟಿವ್ ಬಂದವರಿಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಸರಿಯುತ್ತರ ಸುಮಾರು 2%. ಹಾಗೆ ಹೇಳಿದವರು 11 ಮಂದಿ. ಸುಮಾರು ಅರ್ಧದಷ್ಟು ಜನ 95% ಅಂದಿದ್ದರು. ಅದಕ್ಕೇ ಶೇಕಡಾವಾರಿನಲ್ಲಿ ಹೇಳದೆ ‘ಸಾವಿರ ಜನರಲ್ಲಿ ಇಷ್ಟು ಜನ’ ಎಂದು ತಲೆಯೆಣಿಕೆಯಲ್ಲಿ ಹೇಳಿಸಬೇಕು. ಓಪನ್‌ಎಪಿ ಕೇಳುವುದೂ ತಲೆಯೆಣಿಕೆಯನ್ನೇ.

ಅದೇ ಪುಟದಲ್ಲಿ ಲೈಕ್ಲಿಹುಡ್ ರೇಶಿಯೋ ಕೂಡ ಬರುತ್ತದೆ, ಅಂದರೆ ಒಂದು ಫಲಿತಾಂಶ ಕಾಯಿಲೆ ಇಲ್ಲದವರಿಗಿಂತ ಇರುವವರಲ್ಲಿ ಎಷ್ಟು ಪಟ್ಟು ಬರುತ್ತದೆ ಎಂಬುದು. ಎರಡೂ ಸಲ ಪಾಸಿಟಿವ್ ರೇಶಿಯೋ 16 ಎಂದೇ ಇರುವುದನ್ನು ತೋರಿಸಿ. 30ಕ್ಕೆ 70 ಇದ್ದ ಆಡ್ಸನ್ನು (ಕಾಯಿಲೆ ಇರುವವರಿಗೂ ಇಲ್ಲದವರಿಗೂ ಇರುವ ಅನುಪಾತ) 16ರಿಂದ ಗುಣಿಸಿ ಮತ್ತೆ ಶೇಕಡಾಕ್ಕೆ ತಂದರೆ 87%, 2ಕ್ಕೆ 98 ಇದ್ದದ್ದನ್ನು ಗುಣಿಸಿದರೆ ಸುಮಾರು 25%. ಪರೀಕ್ಷೆ ಮಾಡಿಸುವ ಮುಂಚೆ ರೋಗಿಯನ್ನು ನೋಡಿ ಮಾಡಿಕೊಂಡ ಅಂದಾಜು ಎಷ್ಟು ತೂಕದ್ದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಹಿಸ್ಟರಿ ತೆಗೆಯುವುದನ್ನು ಕಲಿಸುವ ಮೆಡಿಸಿನ್ ವಿಭಾಗದವರೂ ಈ ತರಗತಿಗೆ ಬಂದು ಅರ್ಧ ಗಂಟೆ ಕೂತರೆ ಎಷ್ಟು ಚೆನ್ನ. ಸೆನ್ಸಿಟಿವಿಟಿಯೂ ಕಲ್ಲಲ್ಲಿ ಕೊರೆದ ಸಂಖ್ಯೆಯಲ್ಲ, ಎನ್‌ಎಸ್1 ಜ್ವರದ ಮೊದಲ ನಾಲ್ಕೈದು ದಿನ ಚೆನ್ನಾಗಿ ಸಿಗುತ್ತದೆ, ಆಮೇಲೆ ಕುಗ್ಗುತ್ತದೆ ಎಂಬ ಮಾತನ್ನು ಅವರ ಬಾಯಿಂದ ಕೇಳಿದರೆ ವಿದ್ಯಾರ್ಥಿಗಳಿಗೆ ನಾಟುತ್ತದೆ.

ಪ್ರತಿ ಅಂದಾಜಿನ ಪಕ್ಕದಲ್ಲೂ ಓಪನ್‌ಎಪಿ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಕೊಡುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ: 300ರಲ್ಲಿ 240 ಆದಾಗ ಸೆನ್ಸಿಟಿವಿಟಿ 75.1ರಿಂದ 84.1, 20ರಲ್ಲಿ 16 ಆದಾಗ 58.4ರಿಂದ 91.9. ಎರಡೂ 80%ವೇ. ಸಣ್ಣ ಅಧ್ಯಯನದ 80%ಕ್ಕೂ ದೊಡ್ಡ ಅಧ್ಯಯನದ 80%ಕ್ಕೂ ಎಷ್ಟು ಅಂತರ ಎಂದು ಹೇಳಲು ಬೇರೆ ಉಪನ್ಯಾಸ ಬೇಕಿಲ್ಲ.

ಇನ್ನು ಎಡವಟ್ಟಿನ ಕಡೆಗೆ. ಈ ತಂತ್ರಾಂಶದ ದೊಡ್ಡ ದೋಷ ಒಂದೇ: ಅಂಕಿ ಎಲ್ಲಿಂದ ಬಂತು, ಅಧ್ಯಯನ ಯಾವ ಬಗೆಯದು ಎಂದು ಅದು ಕೇಳುವುದೇ ಇಲ್ಲ. ಸಂಶೋಧಕರು ಡೆಂಗಿ ಖಚಿತವಾದ 100 ಜನರನ್ನೂ ಡೆಂಗಿ ಇಲ್ಲದ 100 ಜನರನ್ನೂ ಆರಿಸಿ ಕಾರ್ಡ್ ಪರೀಕ್ಷಿಸಿದರು ಎನ್ನಿ. 80, 20, 5, 95 ಎಂದು ತುಂಬಿದರೆ ಪ್ರೆಡಿಕ್ಟಿವ್ ವ್ಯಾಲ್ಯೂ 94.1% ಎಂದು ಪರದೆಯ ಮೇಲೆ ನೀಟಾಗಿ ಬರುತ್ತದೆ. ಆ ಸಂಖ್ಯೆಗೆ ಅರ್ಥವೇ ಇಲ್ಲ, ಯಾಕೆಂದರೆ ಅರ್ಧಕ್ಕರ್ಧ ಜನಕ್ಕೆ ಡೆಂಗಿ ಇರುವಂತೆ ಮಾಡಿದ್ದು ಸಂಶೋಧಕರು, ಊರಿನ ಸೊಳ್ಳೆಯಲ್ಲ. ಫೆಬ್ರವರಿಯ ಓಪಿಡಿಯಲ್ಲಿ 25% ಇದ್ದದ್ದು ಇಲ್ಲಿ 94% ಆಗಿಬಿಟ್ಟಿದೆ. ಕಂಪನಿಗಳ ಕರಪತ್ರ ಓದುವಾಗ ಹುಡುಕಬೇಕಾದ್ದೂ ಇದನ್ನೇ. ಈ ತಪ್ಪು ಅಭ್ಯಾಸವನ್ನು ತರಗತಿಯಲ್ಲಿ ಬೇಕೆಂದೇ ಮಾಡಿಸಬೇಕು.

‘ಟು ಬೈ ಟು ಟೇಬಲ್’ ಮಾಡ್ಯೂಲ್‌ನಲ್ಲೂ ಇದೇ ಕಥೆ. ಕೇಸ್ ಕಂಟ್ರೋಲ್ ಅಧ್ಯಯನದ (ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಆರಿಸಿ ಹೋಲಿಸುವುದು) ಅಂಕಿ ಹಾಕಿದರೂ ಆಡ್ಸ್ ರೇಶಿಯೋ (ಎರಡು ಗುಂಪಿನ ಆಡ್ಸ್‌ಗಳ ಅನುಪಾತ) ಜೊತೆಗೆ ಅಲ್ಲಿ ಅರ್ಥವಿಲ್ಲದ ರಿಸ್ಕ್ ರೇಶಿಯೋವನ್ನೂ (ಎರಡು ಗುಂಪಿನ ಅಪಾಯದ ಅನುಪಾತ) ಕೊಟ್ಟುಬಿಡುತ್ತದೆ. ಎರಡರಲ್ಲಿ ಯಾವುದನ್ನು ಬರೆದುಕೊಳ್ಳಬೇಕು ಎಂಬುದು ಓದುವವರ ಹೊಣೆ. ಪಿ ವ್ಯಾಲ್ಯೂಗಳಂತೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಒಂದು ಸಾಲು: ತಿದ್ದುಪಡಿ ಇಲ್ಲದ ಕೈ-ಸ್ಕ್ವೇರ್, ಯೇಟ್ಸ್ ತಿದ್ದುಪಡಿಯದು, ಮ್ಯಾಂಟೆಲ್-ಹೆನ್ಸೆಲ್, ಫಿಶರ್ ಎಕ್ಸ್ಯಾಕ್ಟ್, ಮಿಡ್-ಪಿ, ಜೊತೆಗೆ ಒನ್ ಟೇಲ್ (ವ್ಯತ್ಯಾಸವನ್ನು ಒಂದೇ ದಿಕ್ಕಿನಲ್ಲಿ ನೋಡುವುದು), ಟು ಟೇಲ್ (ಎರಡೂ ದಿಕ್ಕಿನಲ್ಲಿ). ಕಣ್ಣು ಹೋಗುವುದು ಅತಿ ಚಿಕ್ಕ ಸಂಖ್ಯೆಯ ಮೇಲೆ. ತರಗತಿಗೆ ಒಂದು ಕಟ್ಟುನಿಟ್ಟು ಮಾಡಿ: ಟು ಟೇಲ್ ಮಾತ್ರ, ಎಲ್ಲ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೆ ಆ ಮನೆಯಲ್ಲಿ ಬರಬೇಕಾದ ಅಂಕಿ) 5 ಅಥವಾ ಮೇಲಿದ್ದರೆ ತಿದ್ದುಪಡಿ ಇಲ್ಲದ ಕೈ-ಸ್ಕ್ವೇರ್, ಇಲ್ಲವಾದರೆ ಫಿಶರ್. ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಸಾಕಷ್ಟಿದೆಯೇ ಎಂಬ ಟಿಪ್ಪಣಿಯನ್ನು ಓಪನ್‌ಎಪಿಯೇ ಹಾಕುತ್ತದೆ. ಅದನ್ನು ಓದಿಸಿ. ಫಲಿತಾಂಶ ನೋಡುವ ಮುಂಚೆಯೇ ಯಾವ ಸಾಲು ಎಂದು ಬರೆದಿಡುವ ರೂಢಿ ಬರಲಿ.

ಚಿಕಿತ್ಸೆಯ ಲೆಕ್ಕಕ್ಕೆ ಈ ಮಾಡ್ಯೂಲ್ ಬಹಳ ಒದಗುತ್ತದೆ. ಔಷಧ ಪಡೆದ 1000 ಜನರಲ್ಲಿ 60 ಮಂದಿಗೆ, ಪಡೆಯದ 1000ದಲ್ಲಿ 80 ಮಂದಿಗೆ ಸ್ಟ್ರೋಕ್ ಆಯಿತು ಎಂದು ಕೊಡಿ. ರಿಸ್ಕ್ ರೇಶಿಯೋ 0.75. ‘25% ಇಳಿಕೆ’ ಎಂದು ಜಾಹೀರಾತಿನಲ್ಲಿ ಬರುವುದು ಇದೇ. ರಿಸ್ಕ್ ಡಿಫರೆನ್ಸ್ ನೋಡಿದರೆ 2% ಅಷ್ಟೆ, ಅಂದರೆ ಒಬ್ಬರಿಗೆ ಸ್ಟ್ರೋಕ್ ತಪ್ಪಬೇಕಾದರೆ 50 ಜನ ಔಷಧ ನುಂಗಬೇಕು. ಪಿ ಸುಮಾರು 0.08, ರಿಸ್ಕ್ ರೇಶಿಯೋದ ಇಂಟರ್ವಲ್ 0.54ರಿಂದ 1.04. ಈಗ ನಾಲ್ಕೂ ಮನೆಯ ಅಂಕಿಯನ್ನು ಇಮ್ಮಡಿ ಮಾಡಿ. ರೇಶಿಯೋ ಬದಲಾಗುವುದಿಲ್ಲ, 50 ಕೂಡ ಹಾಗೇ ಉಳಿಯುತ್ತದೆ, ಪಿ ಮಾತ್ರ 0.013ಕ್ಕೆ ಇಳಿಯುತ್ತದೆ. ಔಷಧದ ಗುಣ ಹೆಚ್ಚಿತೇ ಎಂದು ಕೇಳಿ. ಆಗಲೂ ರಿಸ್ಕ್ ಡಿಫರೆನ್ಸಿನ ಇಂಟರ್ವಲ್ 0.4%ರಿಂದ 3.6%, ಅದನ್ನು ತಿರುಗಿಸಿದರೆ ಆ 50 ಎನ್ನುವುದು 28 ಇರಬಹುದು, 238 ಕೂಡ ಇರಬಹುದು. ರೋಗಿಯ ಮುಂದೆ ಕೂತಾಗ ಬೇಕಾಗುವ ತಿಳಿವಳಿಕೆ ಪಿ ವ್ಯಾಲ್ಯೂಗಿಂತ ಇದು.

‘ಟಿ ಟೆಸ್ಟ್’ ಬಗ್ಗೆ ಒಂದೇ ಎಚ್ಚರಿಕೆ: ಎಸ್‌ಡಿ (ಜನರ ನಡುವಿನ ಏರಿಳಿತ) ಹಾಕುವ ಜಾಗಕ್ಕೆ ಲೇಖನದಲ್ಲಿ ಕೊಟ್ಟ ಎಸ್‌ಇ (ಸರಾಸರಿಯ ಅಂದಾಜಿನ ಅನಿಶ್ಚಿತತೆ) ಹಾಕಿಬಿಡುವುದು. 50 ಜನರ ಹಿಮೋಗ್ಲೋಬಿನ್ ಎಸ್‌ಇ 0.2 ಇದ್ದರೆ ಎಸ್‌ಡಿ 1.4. ಏಳು ಪಟ್ಟು ವ್ಯತ್ಯಾಸ. ತಪ್ಪು ತುಂಬಿದರೆ ಏನೂ ಇಲ್ಲದ ಕಡೆಯೂ ಪಿ ಸೊನ್ನೆಗೆ ಹತ್ತಿರವಾಗುತ್ತದೆ.

ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಪ್ರಸ್ತಾವ, ಬರೆಯುವಾಗ ಓಡಿಬರುವುದು ‘ಸ್ಯಾಂಪಲ್ ಸೈಜ್’ ಮಾಡ್ಯೂಲ್‌ಗೆ. ಅಲ್ಲಿ ಮುಂಚೆಯೇ ತುಂಬಿರುವ ಅಂಕಿಗಳು ಅಪಾಯಕಾರಿ: ಜನಸಂಖ್ಯೆ 10 ಲಕ್ಷ, ಪ್ರಮಾಣ 50%, ನಿಖರತೆ 5%, ಡಿಸೈನ್ ಎಫೆಕ್ಟ್ (ಗುಂಪುಗುಂಪಾಗಿ ಜನರನ್ನು ಆರಿಸಿದ್ದಕ್ಕೆ ಸಂಖ್ಯೆಯನ್ನು ಹೆಚ್ಚಿಸುವ ಗುಣಕ) 1. ಏನನ್ನೂ ಮುಟ್ಟದೆ ಒತ್ತಿದರೆ 384. ಯಾವ ಕಾಯಿಲೆಯಾದರೂ 384! ಪ್ರಮಾಣವನ್ನು ಶೇಕಡಾದಲ್ಲಿ ಹಾಕಬೇಕು. 10%ಕ್ಕೆ 0.1 ಎಂದು ಬರೆದರೆ ಅದನ್ನು 0.1% ಎಂದೇ ತಿಳಿದು ಒಂದಿಬ್ಬರು ಸಾಕು ಎನ್ನುತ್ತದೆ. ಅದಕ್ಕಿಂತ ಗಂಭೀರವಾದದ್ದು ನಿಖರತೆಯ ಮನೆ. ಅದು ಅಬ್ಸಲ್ಯೂಟ್, ರಿಲೇಟಿವ್ ಅಲ್ಲ. 10% ಇರುವ ಕಾಯಿಲೆಗೆ ಅಲ್ಲಿ 5 ಹಾಕಿದರೆ 5%ರಿಂದ 15%ರೊಳಗೆ ಎಲ್ಲಿದ್ದರೂ ಪರವಾಗಿಲ್ಲ ಎಂದಂತೆ. 139 ಜನ ಸಾಕು. ಗೈಡ್ ಹೇಳಿದ್ದು 20% ರಿಲೇಟಿವ್ (ಆ 10%ರಲ್ಲಿ 20%) ಆಗಿದ್ದರೆ ಹಾಕಬೇಕಾದ್ದು 2, ಬೇಕಾಗುವ ಜನ ಸುಮಾರು 864. ಉತ್ತರದ ಪುಟದಲ್ಲಿ 80%ರಿಂದ 99.99%ರವರೆಗಿನ ಕಾನ್ಫಿಡೆನ್ಸ್ ಮಟ್ಟಗಳ ಪಟ್ಟಿಯೇ ಬರುತ್ತದೆ. 384 ಬಂದ ಪುಟದಲ್ಲೇ 80%ರ ಸಾಲಿನಲ್ಲಿ 165 ಕಂಡು ಅದನ್ನೇ ಎತ್ತಿಕೊಂಡರೆ ಥೀಸಿಸ್ ಸಮರ್ಥನೆಯ ದಿನ ಉತ್ತರ ಇರುವುದಿಲ್ಲ. ಹಳ್ಳಿ ಅಥವಾ ವಾರ್ಡುಗಳನ್ನು ಕ್ಲಸ್ಟರ್ ಆಗಿ ಆರಿಸಿದ್ದರೆ ಡಿಸೈನ್ ಎಫೆಕ್ಟ್ 1 ಎಂದೇ ಬಿಡಬಾರದು. 2 ಆದರೆ 384 ಇದ್ದದ್ದು 768.

ಇದರಲ್ಲಿ ಲಾಜಿಸ್ಟಿಕ್ ರಿಗ್ರೆಷನ್ (ಹಲವು ಅಂಶಗಳನ್ನು ಒಟ್ಟಿಗೆ ತೂಗುವ ಲೆಕ್ಕ) ಇಲ್ಲ, ಸರ್ವೈವಲ್ ಕರ್ವ್ (ಕಾಲ ಕಳೆದಂತೆ ಎಷ್ಟು ಜನ ಉಳಿದರು ಎಂಬ ರೇಖೆ) ಇಲ್ಲ, ಚಂದದ ಚಿತ್ರಗಳಿಲ್ಲ. ಪಿಜಿಗಳ ವಿಶ್ಲೇಷಣೆಗೆ ಜಮೋವಿಯಂಥ ತಂತ್ರಾಂಶ ಬೇಕೇ ಬೇಕು, ಅದೂ ಉಚಿತ. ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್, ಸ್ಪ್ಯಾನಿಷ್ ಇವೆ, ಭಾರತದ ಯಾವ ಭಾಷೆಯೂ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ‘ಸಾವಿರ ಜನರಲ್ಲಿ ಎಷ್ಟು ಜನ’ ಎಂಬ ಕೋಷ್ಟಕವನ್ನು ಕನ್ನಡದಲ್ಲೇ ಹಲಗೆಯ ಮೇಲೆ ಬರೆದುಕೊಟ್ಟು ಆಮೇಲೆ ಪರದೆಗೆ ಹೋದರೆ ಪದಗಳ ಭಯ ಅರ್ಧ ಇಳಿಯುತ್ತದೆ.

ಲ್ಯಾಬಿನಲ್ಲಿ ನೆಟ್ ಕೈಕೊಟ್ಟರೂ ತೊಂದರೆಯಿಲ್ಲ. ಓಪನ್‌ಎಪಿ ಡಾಟ್ ಕಾಮ್‌ನಿಂದ ಇಡೀ ಪ್ಯಾಕೇಜನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿಟ್ಟುಕೊಂಡರೆ ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬಹುದು. ಒಂದು ಬ್ಯಾಚ್‌ಗೆ ಎರಡು ಗಂಟೆ ಸಾಕು, ಇಬ್ಬರಿಗೆ ಒಂದು ಕಂಪ್ಯೂಟರ್: ಒಬ್ಬರು ಕಾಗದದಲ್ಲಿ ಕೋಷ್ಟಕ ಬರೆಯಲಿ, ಇನ್ನೊಬ್ಬರು ತುಂಬಲಿ, ಅರ್ಧಕ್ಕೆ ಜಾಗ ಬದಲಿಸಲಿ. ಮೊಬೈಲ್ ಪರದೆಯಲ್ಲಿ ಕೋಷ್ಟಕ ತುಂಬುವುದು ಕಿರಿಕಿರಿ. ಪುಸ್ತಕದಿಂದ ಪುಸ್ತಕಕ್ಕೆ ಸಾಲು-ಕಂಬಗಳ ಜಾಗ ಅದಲುಬದಲಾಗಿರುತ್ತದೆ, ಹಾಗಾಗಿ ಅಂಕಿ ತುಂಬುವ ಮುಂಚೆ ಕಾಯಿಲೆ ಯಾವ ಕಡೆ, ಪರೀಕ್ಷೆ ಯಾವ ಕಡೆ ಎಂದು ಶೀರ್ಷಿಕೆ ಓದಿಸಿ. ಸೆನ್ಸಿಟಿವಿಟಿ 80 ಬರಬೇಕಾದಲ್ಲಿ 87.3 ಬಂದರೆ ತಿರುಗಾಮುರುಗಾ ಆಗಿದೆ ಎಂದೇ ಅರ್ಥ. ರೆಕಾರ್ಡಿಗೆ ಅಂಟಿಸುವ ಪ್ರಿಂಟ್‌ಔಟ್‌ನ ಕೆಳಗೆ, ಈ ರೋಗಿಗೆ ಏನು ಹೇಳುತ್ತೀರಿ ಎಂಬುದಕ್ಕೆ ಎರಡು ಸಾಲಿನ ಉತ್ತರವನ್ನು ಕೈಬರಹದಲ್ಲಿ ಕೇಳಿ. ಅಂಕ ಕೊಡಬೇಕಾದ್ದು ಆ ಎರಡು ಸಾಲಿಗೆ.