ಪುಣೆಯಲ್ಲಿ ಡಿಟೇಲಿಂಗೋ, ಹಳೇ ಕಾರಿನ ವ್ಯಾಪಾರವೋ?

ಪುಣೆಯಲ್ಲಿ ಡಿಟೇಲಿಂಗ್ (ಕಾರನ್ನು ಒಳಗೂ ಹೊರಗೂ ತೊಳೆದು, ತಿಕ್ಕಿ ಹೊಳಪು ಕೊಡುವ ಕೆಲಸ) ಮಾಡಿಕೊಂಡಿರುವ ನಮ್ಮ ಕಡೆಯ ಹುಡುಗರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ: ಬೇರೆಯವರ ಕಾರು ತಿಕ್ಕುವ ಬದಲು ನಾವೇ ಹಳೇ ಕಾರು ಕೊಂಡು ಮಾರಿದರೆ ಹೇಗೆ?

ಡಿಟೇಲಿಂಗ್‌ನಲ್ಲಿ ಬರುವ ದುಡ್ಡು ಸಣ್ಣದು, ಆದರೆ ಸಂಜೆಗೇ ಕೈ ಸೇರುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಮಂಕು, ಅಷ್ಟೇ.

ವ್ಯಾಪಾರದಲ್ಲಿ ಒಂದೊಂದು ಕಾರಿನ ಮೇಲೂ ಲಕ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ. ಬೇಗ ಮಾರಿಹೋಗದಿದ್ದರೆ ಬಡ್ಡಿ, ಪಾರ್ಕಿಂಗ್ ಬಾಡಿಗೆ ಸೇರಿ ಲಾಭ ತಿಂದುಹಾಕುತ್ತವೆ. ಆದರೆ ನಿಮ್ಮ ಕಣ್ಣು ಪಳಗಿದೆ, ಅಲ್ವಾ? ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಬಾನೆಟ್ ಮೇಲೆ 110 ಮೈಕ್ರಾನ್, ಬಾಗಿಲ ಮೇಲೆ 300 ತೋರಿಸಿದರೆ ಆ ಬಾಗಿಲಿಗೆ ಮತ್ತೆ ಬಣ್ಣ ಬಿದ್ದಿದೆ ಅಂತಲೇ ಲೆಕ್ಕ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಒಳತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಲ್ಲಿ ನಿಂತಿರಬಹುದು. ಎಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ ನಂಬಿಕಸ್ಥ ಮೆಕ್ಯಾನಿಕ್ ಬೇಕು.

ಕಾಗದಪತ್ರದ್ದೇ ದೊಡ್ಡ ತಲೆನೋವು. ಹೆಸರು ಬದಲಿಸಲು ಫಾರಂ 29, 30. ಸಾಲ ತೀರಿದ ಕಾರಾದರೆ ಬ್ಯಾಂಕಿನ ಹೆಸರು ತೆಗೆಸಲು 35. ಬೆಳಗಾವಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೆಎ ನಂಬರಿನ ಕಾರು ತಂದು ಇಲ್ಲಿ ಮಾರಲು ಹೊರಟರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರುವ ಓಡಾಟ, ಮಹಾರಾಷ್ಟ್ರದ ತೆರಿಗೆ ಎರಡೂ ಗಂಟುಬೀಳುತ್ತವೆ. 2023ರ ಏಪ್ರಿಲ್‌ನಿಂದ ಹಳೇ ಕಾರಿನ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವೂ ಇದೆ.

ನನ್ನನ್ನು ಕೇಳಿದರೆ, ಸುಮ್ನೆ ಅಂಗಡಿ ಮುಚ್ಚಬೇಡಿ. ನೀವೇ ವರ್ಷಗಟ್ಟಲೆ ತೊಳೆದ ಗಿರಾಕಿಯ ಎಂಎಚ್-12, ಅಂದರೆ ಪುಣೆ ನಂಬರಿನದೇ ಕಾರು ಒಂದನ್ನು ಮೊದಲು ತಗೊಳ್ಳಿ. ಅದು ಹೋದ ಮೇಲೆ ಇನ್ನೊಂದು. ಸಾಲ ಮಾಡಿ ನಾಲ್ಕು ಕಾರು ಒಟ್ಟಿಗೆ ನಿಲ್ಲಿಸುವ ಯೋಚನೆ ಇದ್ದರೆ ಡಿಟೇಲಿಂಗೇ ವಾಸಿ.