ಬ್ಯಾಂಕಿನಲ್ಲಿ ‘ನಿವೃತ್ತಿ ಯೋಜನೆ’ ಎಂದರೆ ಮೊದಲು ಕೇಳಿ: ಇದು ವಿಮೆಯೇ?

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಚಕ್ರಬಡ್ಡಿಯ ಪಾಠವನ್ನೂ ಮಾಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಕೊನೆಗೆ ಹೇಳಲು ಇನ್ನೂ ನಾಚಿಕೆಯಾಗುತ್ತದೆ.

2023ರ ಮಾರ್ಚ್. ಅವಧಿ ಮುಗಿದ ಠೇವಣಿಯನ್ನು ನವೀಕರಿಸಲು ಬ್ಯಾಂಕಿಗೆ ಹೋಗಿದ್ದೆ. ಖಾಸಗಿ ಶಾಲೆ, ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ, ವಯಸ್ಸು ನಲವತ್ತು ದಾಟಿದೆ. ಇಷ್ಟು ತಿಳಿದದ್ದೇ ತಡ, ಅಧಿಕಾರಿ ಒಳಗೆ ಕರೆದು ಕೂರಿಸಿ ಕಾಫಿ ತರಿಸಿದರು. ಹದಿನಾಲ್ಕು ವರ್ಷ ಅದೇ ಶಾಖೆಗೆ ಅಲೆದಿದ್ದೇನೆ, ಒಂದು ಲೋಟ ನೀರು ಕೊಟ್ಟವರಿಲ್ಲ. ಆ ಕಾಫಿಯಲ್ಲೇ ನನಗೆ ಅನುಮಾನ ಬರಬೇಕಿತ್ತು.

“ಮೇಡಂ, ನೀವು ನನ್ನ ಅಕ್ಕನ ಹಾಗೆ. ಠೇವಣಿಯಲ್ಲಿ ಏನಿದೆ? ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಿ. 20 ವರ್ಷ ತುಂಬಿದಾಗ 22 ಲಕ್ಷ ಖಾತರಿ. 10 ಲಕ್ಷಕ್ಕೆ 12 ಲಕ್ಷ ಲಾಭ, ಅಂದರೆ ಶೇಕಡಾ 120. ಹತ್ತು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ಶೇಕಡಾ 12!” ಕ್ಯಾಲ್ಕುಲೇಟರನ್ನು ನನ್ನ ಕಡೆಗೆ ತಿರುಗಿಸಿದರು. 12 ಎಂದು ಕಾಣುತ್ತಿತ್ತು. ನಾನು ತಲೆಯಾಡಿಸಿದೆ.

“ಮಧ್ಯದಲ್ಲಿ ಬೇಡವೆನಿಸಿದರೆ?”

“ಯಾವಾಗ ಬೇಕಾದರೂ ನಿಲ್ಲಿಸಬಹುದು ಮೇಡಂ.”

ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಿದೆ. ಮರುದಿನ ವಿಮಾ ಕಂಪನಿಯಿಂದ ಕರೆ ಬರುತ್ತದೆ, ಎಲ್ಲದಕ್ಕೂ ‘ಹೌದು’ ಎನ್ನಿ, ಅದೊಂದು ಶಾಸ್ತ್ರ ಅಷ್ಟೇ ಎಂದರು. ವಿಮಾ ಕಂಪನಿ! ಆ ಪದ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮರುದಿನ ಎಲ್ಲದಕ್ಕೂ ಹೌದು ಎಂದೆ. ಪಾಲಿಸಿಯ ದಪ್ಪ ಲಕೋಟೆ ಬಂದಾಗ ಮೌಲ್ಯಮಾಪನದ ಕೆಲಸದಲ್ಲಿದ್ದೆ. ಒಡೆಯದೆ ಬೀರುವಿನಲ್ಲಿಟ್ಟೆ. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಹಿಂದಿರುಗಿಸಬಹುದು ಎಂಬ ಸಾಲು ಅದರೊಳಗೇ ಇತ್ತು.

ಮುಂದಿನ ವರ್ಷ ಅಮ್ಮನ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಬೇಕಾಯಿತು. ಯೋಜನೆ ನಿಲ್ಲಿಸಿ, ಕಟ್ಟಿದ ಲಕ್ಷ ವಾಪಸ್ ಕೊಡಿ ಎಂದು ಹೋದೆ.

“ಒಂದೇ ಕಂತು ಕಟ್ಟಿದ್ದೀರಿ ಮೇಡಂ, ಏನೂ ಬರುವುದಿಲ್ಲ.”

ಏನೂ ಎಂದರೆ?

“ಏನೂ ಎಂದರೆ ಏನೂ ಇಲ್ಲ. ಎರಡನೆಯ ಕಂತನ್ನೂ ಕಟ್ಟಿಬಿಡಿ. ಆಮೇಲೆ ಸರೆಂಡರ್ ಮಾಡಿದರೆ, ಅಂದರೆ ಪಾಲಿಸಿ ಬಿಟ್ಟುಕೊಟ್ಟರೆ, ಕಟ್ಟಿದ್ದರಲ್ಲಿ ಶೇಕಡಾ 30 ಸಿಗುತ್ತದೆ.”

ಅಂದರೆ 60 ಸಾವಿರ ಪಡೆಯಲು ಇನ್ನೂ 1 ಲಕ್ಷ ಕೊಡಬೇಕು! ಇದನ್ನು ಆತ ನನಗೆ ಉಪಕಾರ ಮಾಡುವವರ ಧಾಟಿಯಲ್ಲಿ ಹೇಳಿದರು. ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದಿದ್ದಿರಲ್ಲ ಎಂದು ಕೇಳಿದೆ. “ನಿಲ್ಲಿಸಬಹುದು ಎಂದೆ ಮೇಡಂ. ಹಣ ವಾಪಸ್ ಬರುತ್ತದೆ ಎಂದೆನೇ?” ಈ ಬಾರಿ ಅಕ್ಕನೂ ಇಲ್ಲ, ಕಾಫಿಯೂ ಇಲ್ಲ.

ಆ ರಾತ್ರಿ ಕಾಗದ ತೆಗೆದುಕೊಂಡು ಕುಳಿತೆ. ಹಣ ಕೂತಿರುವುದು 20 ವರ್ಷ, ಆತ ಭಾಗಿಸಿದ್ದು ಹತ್ತರಿಂದ. ಅದಿರಲಿ, ಭಾಗಿಸಿ ಬಡ್ಡಿದರ ಹೇಳುವುದೇ ತಪ್ಪು. ಎಂಟನೆಯ ತರಗತಿಯ ಹುಡುಗ ಹೀಗೆ ಬರೆದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಆ 22 ಲಕ್ಷಕ್ಕೆ ಸಿಗುವ ದರ ವರ್ಷಕ್ಕೆ ಶೇ. 5ರ ಆಸುಪಾಸು. ಅದೇ ಕಂತುಗಳನ್ನು ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ನಲ್ಲಿ ಹಾಕಿ, ಖಾತೆಯನ್ನು 20 ವರ್ಷಕ್ಕೆ ವಿಸ್ತರಿಸಿ, ದರ ಈಗಿನ ಶೇ. 7.1ರಲ್ಲೇ ಉಳಿದರೆ 29 ಲಕ್ಷ ದಾಟುತ್ತದೆ. ಹನ್ನೆರಡಂತೆ, ಹನ್ನೆರಡು!

ಕಂಪನಿಗೆ ದೂರು ಬರೆದೆ. ಎರಡು ಸಾಲಿನ ಉತ್ತರ ಬಂತು: ನೀವೇ ಸಹಿ ಮಾಡಿದ್ದೀರಿ, ನಿಮ್ಮ ಒಪ್ಪಿಗೆಯ ಧ್ವನಿಮುದ್ರಣ ನಮ್ಮಲ್ಲಿದೆ. ಆ ಧ್ವನಿ ನನ್ನದೇ, ಏನು ಹೇಳಲಿ? ಎರಡನೆಯ ಕಂತು ಕಟ್ಟಲಿಲ್ಲ. ಲಕ್ಷ ಹೋಯಿತು. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಅರ್ಜಿ ಹಾಕಿದ್ದೇನೆ. ಅದಕ್ಕೆ ಶುಲ್ಕವಿಲ್ಲ, ಆದರೆ ಕಂಪನಿ ದೂರು ತಳ್ಳಿಹಾಕಿದ ಒಂದು ವರ್ಷದೊಳಗೆ ಹಾಕಬೇಕು.

ನಿವೃತ್ತಿಗೆಂದು ಈಗಷ್ಟೇ ಉಳಿಸಲು ಹೊರಟವರೇ, ಕಾಗದದಲ್ಲಿ ‘ಪ್ರೀಮಿಯಂ’ (ವಿಮೆಯ ಕಂತು) ಎಂಬ ಪದ ಕಂಡರೆ ಎದ್ದು ಬನ್ನಿ. ಜೀವಕ್ಕೆ ವಿಮೆ ಬೇಕಿದ್ದರೆ, ಸತ್ತರೆ ಮಾತ್ರ ಮನೆಯವರಿಗೆ ಹಣ ಕೊಡುವ ಟರ್ಮ್ ಪಾಲಿಸಿ ಬೇರೆಯೇ ಕೊಳ್ಳಿ. ಉಳಿತಾಯಕ್ಕೆ ಪಿಪಿಎಫ್ ಇದೆ, ಸರ್ಕಾರದ ಪಿಂಚಣಿ ಯೋಜನೆ ಎನ್‌ಪಿಎಸ್ ಇದೆ, ಅವುಗಳ ಬಗ್ಗೆ ಹೇಳಲು ಯಾರೂ ಕಾಫಿ ಕೊಟ್ಟು ಕೂರಿಸುವುದಿಲ್ಲ. ಈಗಾಗಲೇ ಸಹಿ ಹಾಕಿದ್ದರೆ ಲಕೋಟೆಯನ್ನು ಇವತ್ತೇ ಒಡೆಯಿರಿ. ಹಿಂದಿರುಗಿಸುವ ಅವಧಿ ಈಗ 30 ದಿನ.

ಒಂದೇ ವರ್ಷದ ಕಂತು ಕಟ್ಟಿ ಬಿಟ್ಟವರಿಗೂ ಒಂದಿಷ್ಟು ಹಣ ಸಿಗುವಂತೆ 2024ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ. ಅದನ್ನು ಓದಿ ಮತ್ತೆ ಓಡಿದೆ. ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದರು: “ಅದು ಹೊಸ ಪಾಲಿಸಿಗಳಿಗೆ ಮೇಡಂ. ಬೇಕಿದ್ದರೆ ಹೊಸದೊಂದು ಮಾಡಿಕೊಡಲೇ?”