ಸಂಗಾತಿ ತೀರಿಕೊಂಡ ಮೇಲೆ ಗ್ರೀನ್ ಕಾರ್ಡ್: ಐ-360 ಅಥವಾ 204(ಎಲ್)?

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಕೆಲಸ ನಡೆಯುತ್ತಿರುವಾಗಲೇ ಸಂಗಾತಿ ತೀರಿಕೊಂಡರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮೊದಲು ನೋಡಬೇಕಾದ್ದು ಇಷ್ಟೇ: ಅವರು ಅಮೆರಿಕದ ಪ್ರಜೆಯಾಗಿದ್ದರಾ?

ಆಗಿದ್ದರೆ ಐ-360, ಅಂದರೆ ಸಂಗಾತಿಯನ್ನು ಕಳೆದುಕೊಂಡವರು ತಾವೇ ಹಾಕುವ ಅರ್ಜಿಯ ದಾರಿಯೇ ಗಟ್ಟಿ. ಅವರು ನಿಮಗಾಗಿ ಐ-130 (ಮನೆಯವರ ಗ್ರೀನ್ ಕಾರ್ಡಿಗಾಗಿ ಹಾಕುವ ಅರ್ಜಿ) ಹಾಕಿದ್ದರೆ ಅದು ತಾನಾಗಿಯೇ ಐ-360 ಆಗುತ್ತದೆ. ಹಾಕಿರದಿದ್ದರೆ ಸಾವಿನ ದಿನದಿಂದ 2 ವರ್ಷದೊಳಗೆ ಐ-360 ನೀವೇ ಹಾಕಬೇಕು. ದುಃಖದಲ್ಲಿ ದಿನಗಳು ಹೇಗೆ ಹೋಗುತ್ತವೋ ಗೊತ್ತಾಗುವುದಿಲ್ಲ, ಅಲ್ವಾ? ಈ ಗಡುವನ್ನು ಇವತ್ತೇ ಬರೆದಿಡಿ. ಮದುವೆಯಾಗಿ 2 ವರ್ಷ ತುಂಬಿರಬೇಕೆಂಬ ಹಳೆಯ ನಿಯಮ 2009ರಲ್ಲೇ ಹೋಯಿತು. ನೀವು ಭಾರತದಲ್ಲಿದ್ದರೂ ಅರ್ಜಿ ಹಾಕಬಹುದು. 21 ತುಂಬದ, ಮದುವೆಯಾಗದ ಮಕ್ಕಳನ್ನೂ ಸೇರಿಸಬಹುದು. ಹಣದ ಜಾಮೀನು ಕೊಡುವವರನ್ನು ಹುಡುಕಬೇಕಿಲ್ಲ. ಆದರೆ ಗ್ರೀನ್ ಕಾರ್ಡ್ ಸಿಗುವ ಮೊದಲೇ ಮರುಮದುವೆಯಾದರೆ ಈ ಹಕ್ಕು ಉಳಿಯುವುದಿಲ್ಲ.

ಅವರು ಗ್ರೀನ್ ಕಾರ್ಡ್ ಇದ್ದವರಾಗಿದ್ದು ನಿಮಗಾಗಿ ಐ-130 ಹಾಕಿದ್ದರೆ, ಅಥವಾ ಎಚ್-1ಬಿ ಕೆಲಸದ ವೀಸಾ ಮೇಲಿದ್ದು ಕಂಪನಿ ಅವರ ಗ್ರೀನ್ ಕಾರ್ಡಿಗಾಗಿ ಐ-140 ಅರ್ಜಿ ಹಾಕಿದ್ದರೆ, ನಿಮ್ಮ ದಾರಿ ಅಮೆರಿಕದ ವಲಸೆ ಕಾನೂನಿನ 204(ಎಲ್) ಕಲಮು. ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ನಮ್ಮ ಕನ್ನಡದ ಮನೆಗಳಿಗೆ ಜಾಸ್ತಿ ಬೇಕಾಗುವುದು ಇದೇ. ಇಲ್ಲಿ ಷರತ್ತು ಬಿಗಿ. ಸಾವಿಗೆ ಮೊದಲೇ ಆ ಅರ್ಜಿ ಸಲ್ಲಿಕೆಯಾಗಿರಬೇಕು. ಆ ಹೊತ್ತಿಗೆ ನಿಮ್ಮ ವಾಸ ಅಮೆರಿಕದಲ್ಲಿದ್ದು, ಮುಂದೆಯೂ ಅಲ್ಲೇ ಇರಬೇಕು. ಅಂತ್ಯಕ್ರಿಯೆಗೆ ಊರಿಗೆ ಬಂದರೆ ವಾಸ ತಪ್ಪಿದಂತಲ್ಲ. ಆದರೆ ಮನೆ ಖಾಲಿ ಮಾಡಿ ಹೊರಡುವ ಮೊದಲು, ಹಾಗೆಯೇ ಟಿಕೆಟ್ ತೆಗೆಯುವ ಮೊದಲು, ವಲಸೆ ವಕೀಲರನ್ನು ಕೇಳಿ. ವಾಪಸ್ ಬರಲು ವೀಸಾ ಬೇಕಲ್ಲ! ಐ-130 ಆಧಾರವಾಗಿದ್ದರೆ ಹಣದ ಜಾಮೀನಿಗೆ ಹತ್ತಿರದ ಬಂಧುವೊಬ್ಬರು ನಿಲ್ಲಬೇಕಾಗುತ್ತದೆ.